ಏಳು ಬದಲಾವಣೆಯ ಹಕ್ಕಿ

ಮದುವೆಯಾಗದ ಓದುಗರಿಗೆ ನನ್ನದೊಂದು ಕಿವಿಮಾತು. ಡಾಕ್ಟರನ್ನು ಮದುವೆಯಾಗಿ, ವಕೀಲೆಯನ್ನು ಮದುವೆಯಾಗಿ, ಧೈರ್ಯವಿದ್ದರೆ ಪೊಲೀಸ್ ಇನ್ಸ್‌ಪೆಕ್ಟರನ್ನೇ ಮದುವೆಯಾಗಿ. ಕರಡು ತಿದ್ದುವವಳನ್ನು ಮಾತ್ರ ಮದುವೆಯಾಗಬೇಡಿ. ನನ್ನ ಹೆಂಡತಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಾಳೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಊರವರ ತಪ್ಪು ಹುಡುಕುವುದು, ಐದರ ನಂತರ ನನ್ನದು. ನಿಶ್ಚಿತಾರ್ಥವಾದ ಹೊಸದರಲ್ಲಿ ನಾನು ಅವಳಿಗೊಂದು ಪ್ರೇಮಪತ್ರ ಬರೆದಿದ್ದೆ. ಉತ್ತರ ಬರಲಿಲ್ಲ, ಅದೇ ಪತ್ರ ಅಂಚಿನ ತುಂಬ ಗುರುತು ಹಾಕಿಸಿಕೊಂಡು ವಾಪಸು ಬಂತು. 'ನೀನಿಲ್ಲದೆ ನಾನು ಬದುಕಲಾರೆ' ಎಂಬ ವಾಕ್ಯದ ಪಕ್ಕದಲ್ಲಿ 'ಆಧಾರ?' ಎಂದು ಬರೆದಿತ್ತು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ನನ್ನದು ಕನ್ನಡಕದ ಅಂಗಡಿ. ಊರವರಿಗೆಲ್ಲ ದೃಷ್ಟಿ ಕೊಡುವವನು ನಾನು ಎಂದು ಒಮ್ಮೆ ಅವಳೆದುರು ಹೇಳಿಕೊಂಡೆ. ದೃಷ್ಟಿ ಕೊಡುವುದು ಕಣ್ಣು, ನೀವು ಕೊಡುವುದು ಗಾಜು ಎಂದು ತಿದ್ದಿದಳು. ಇಂಥ ಮನೆಯಲ್ಲಿ ಹತ್ತೊಂಬತ್ತು ವರ್ಷ ಬಾಳಿದವನಿಗೆ ಹೊರಗೆ ಎಲ್ಲಾದರೂ ಒಂದು ಕುರ್ಚಿ, ಒಂದಿಷ್ಟು ಮಾತಿಗೆ ಬೆಲೆ ಬೇಕೆನ್ನಿಸುವುದು ಸಹಜವಲ್ಲವೇ? ಅದಕ್ಕೇ ನಾನು ಹಕ್ಕಿ ವೀಕ್ಷಕರ ಸಂಘ ಸೇರಿದ್ದು.

ನಮ್ಮ ಸಂಘದಲ್ಲಿ ಹದಿನೇಳು ಜನ. ಭಾನುವಾರ ಬೆಳಗ್ಗೆ ಕೆರೆಯ ಏರಿಯ ಮೇಲೆ ಕುತ್ತಿಗೆಗೆ ದುರ್ಬೀನು ತಗುಲಿಸಿಕೊಂಡು ಹೊರಡುತ್ತೇವೆ. ಎರಡು ಗಂಟೆ ನಡೆದು, ಬೇಕರಿಯ ಮೇಲಿನ ಕೋಣೆಯಲ್ಲಿ ಸೇರಿ, ಯಾರು ಯಾವ ಹಕ್ಕಿ ನೋಡಿದರೆಂದು ದೊಡ್ಡ ಪುಸ್ತಕವೊಂದರಲ್ಲಿ ಬರೆಯುತ್ತೇವೆ. ಇಲ್ಲಿಯೇ ನಮ್ಮ ಸಂಘದ ಹಿರಿಮೆ ಇರುವುದು. ಸಂಘ ಹುಟ್ಟಿ ಹನ್ನೊಂದು ವರ್ಷವಾದರೂ ಒಬ್ಬರು ನೋಡಿದ ಹಕ್ಕಿಯನ್ನು ಇನ್ನೊಬ್ಬರು ಅಲ್ಲಗಳೆದದ್ದಿಲ್ಲ. ಹಲ್ಲಿನ ಡಾಕ್ಟರು ಹದ್ದು ಕಂಡೆ ಎಂದರೆ ಹದ್ದೇ. ಅದು ಕಾಗೆ ಎಂದು ನೀವು ಅಂದಿರೋ, ಮುಂದಿನ ವಾರ ನಿಮ್ಮ ಕೊಕ್ಕರೆ ಬಾತುಕೋಳಿಯಾಗುತ್ತದೆ. ಈ ಪರಸ್ಪರ ಗೌರವದ ಮೇಲೆಯೇ ಸಂಘ ನಿಂತಿದೆ.

ನಾನೊಬ್ಬನೇ ಅಲ್ಲಿ ಹಿಂದೆ ಬಿದ್ದವನು. ಎರಡು ವರ್ಷದಲ್ಲಿ ನಾನು ಧೈರ್ಯವಾಗಿ ಬರೆಸಿದ್ದು ಕಾಗೆ, ಪಾರಿವಾಳ, ಗುಬ್ಬಿ. ಒಮ್ಮೆ ಮರಕುಟಿಗವನ್ನು ಗುರುತಿಸಿದ್ದೆ. ಹತ್ತಿರ ಹೋದಾಗ ಯಾರೋ ಬೇಲಿಗೆ ಮೊಳೆ ಹೊಡೆಯುತ್ತಿದ್ದರು.

ಹೀಗಿರುವಾಗ ನಮ್ಮ ಕಾರ್ಯದರ್ಶಿಗಳಿಗೆ ಬೇರೆ ಊರಿಗೆ ವರ್ಗವಾಯಿತು. ಜಾಗ ಖಾಲಿ. ಅದೇ ಹೊತ್ತಿಗೆ ಇನ್ನೊಂದು ಘಟನೆಯೂ ನಡೆಯಿತು. ಒಂದು ಭಾನುವಾರ ನಮ್ಮ ಅಧ್ಯಕ್ಷರು ಪೊದೆಯ ಮರೆಯಲ್ಲಿ ನಿಂತು ದುರ್ಬೀನು ಹಿಡಿದಿದ್ದರು. ದುರ್ಬೀನು ನೋಡುತ್ತಿದ್ದ ದಿಕ್ಕಿನಲ್ಲಿ ಮರವೂ ಇತ್ತು, ಮರದ ಹಿಂದೆ ಹೆಣ್ಣುಮಕ್ಕಳ ಹಾಸ್ಟೆಲೂ ಇತ್ತು. ಪೊಲೀಸಿನವನೊಬ್ಬ ಬಂದು ಅವರ ಹೆಗಲ ಮೇಲೆ ಕೈಯಿಟ್ಟ. ನಮ್ಮ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಮೂವತ್ತು ವರ್ಷ ಪೊಲೀಸರಿಂದ ಸೆಲ್ಯೂಟ್ ಹೊಡೆಸಿಕೊಂಡವರು ಆ ದಿನ ಅರ್ಧ ಗಂಟೆ ಗುಬ್ಬಿಯ ಬಗ್ಗೆ ವಿವರಣೆ ಕೊಡಬೇಕಾಯಿತು. ಕೂಡಲೇ ಸಭೆ ಕರೆದರು. ಎಲ್ಲರಿಗೂ ಟೋಪಿ, ಟೋಪಿಯ ಮೇಲೆ ಸಂಘದ ಲಾಂಛನ ಎಂದು ತೀರ್ಮಾನವಾಯಿತು. ಲಾಂಛನ ಯಾರು ಮಾಡಿಕೊಡುತ್ತೀರಿ ಎಂದು ಕೇಳಿದಾಗ ನನ್ನ ಕೈ ನನ್ನನ್ನು ಕೇಳದೆ ಮೇಲೆದ್ದಿತು. ಚೆನ್ನಾಗಿ ಬಂದರೆ ಕಾರ್ಯದರ್ಶಿಯ ಜಾಗಕ್ಕೆ ಬೇರೆ ಹುಡುಕಬೇಕಿಲ್ಲ ಎಂದು ಅಧ್ಯಕ್ಷರು ಅಂದರು. ನನಗೆ ಅಷ್ಟು ಸಾಕಾಗಿತ್ತು.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಆದರೆ ಕಂಪ್ಯೂಟರ್ ಇರುವುದು ಇನ್ನೇತಕ್ಕೆ? ಕೂತೆ, 'ಹಕ್ಕಿ, ಕ್ಲಿಪ್ ಆರ್ಟ್, ಉಚಿತ' ಎಂದು ಒತ್ತಿದೆ. ಸಾವಿರಾರು ಹಕ್ಕಿಗಳು ಸಾಲಾಗಿ ಬಂದು ಕುಳಿತವು. ಎರಡು ವರ್ಷ ಕೆರೆ ಸುತ್ತಿದರೂ ಕಾಣದ ಹಕ್ಕಿಸಂಕುಲ ಕುರ್ಚಿಯಲ್ಲೇ ಕಾಣಿಸಿತು. ಅದರಲ್ಲಿ ಒಂದು ನೀಲಿ ಬಣ್ಣದ, ಹೊಟ್ಟೆ ದುಂಡಗಿನ ಹಕ್ಕಿ ನನಗೆ ಹಿಡಿಸಿತು. ಅದರ ಮುಖದಲ್ಲಿ ಒಂದು ಬಗೆಯ ಸರ್ಕಾರಿ ಗಾಂಭೀರ್ಯವಿತ್ತು. ಎತ್ತಿಕೊಂಡೆ.

ಹೆಂಡತಿ ಬಟ್ಟೆ ಮಡಿಸುತ್ತ ಹಿಂದೆ ಬಂದು ನಿಂತಳು.

"ಯಾರದು ಇದು?"

"ಯಾರದೂ ಅಲ್ಲ, ಕಂಪ್ಯೂಟರಿಂದು."

"ಕಂಪ್ಯೂಟರ್ ಕೂತ್ಕೊಂಡು ಬಿಡಿಸ್ತಾ?"

"ಉಚಿತ ಅಂತ ಹಾಕಿದಾರೆ ಕಣೇ. ಗಾಳಿ, ಬೆಳಕು ಇದ್ದ ಹಾಗೆ. ಯಾರು ಬೇಕಾದ್ರೂ ತಗೋಬಹುದು."

ಅವಳು ಬಗ್ಗಿ, ಪರದೆಯ ಕೆಳತುದಿಯಲ್ಲಿದ್ದ, ಇರುವೆಗಿಂತ ಚಿಕ್ಕ ಅಕ್ಷರಗಳನ್ನು ಸರಾಗವಾಗಿ ಓದಿದಳು. ಮನೆಯಲ್ಲಿ ನೋಡಿಕೊಳ್ಳಲು, ಮಕ್ಕಳ ಶಾಲೆಯ ಕೆಲಸಕ್ಕೆ ಉಚಿತ, ಸಂಘ, ಸಂಸ್ಥೆ, ವ್ಯಾಪಾರದ ಗುರುತಾಗಿ ಬಳಸುವವರು ಚಿತ್ರ ಬರೆದವರ ಒಪ್ಪಿಗೆ ಪಡೆಯಬೇಕು, ಹಕ್ಕುಗಳು ಅವರವೇ. ಕೆಳಗೊಂದು ಇ-ಮೇಲ್ ವಿಳಾಸ.

ಅಷ್ಟು ಸಣ್ಣ ಅಕ್ಷರ ಯಾರೂ ಓದುವುದಿಲ್ಲ ಎಂದೆ. ಅದನ್ನು ಓದುವುದಕ್ಕೇ ನನಗೆ ಸಂಬಳ ಕೊಡುತ್ತಾರೆ ಎಂದಳು. ಎರಡು ಸಾಲು ಬರೆದು ಕೇಳಿ, ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ, ಕೇಳುವುದಕ್ಕೇನು ನಾಲಿಗೆ ಸವೆಯುತ್ತದೆಯೇ ಎಂದಳು. ಕೇಳಬಹುದಿತ್ತು. ಆದರೆ ಕೇಳಿ, ಅವರು ಆಗದು ಎಂದುಬಿಟ್ಟರೆ? ಸಭೆಗೆ ಉಳಿದಿದ್ದದ್ದು ಒಂದು ವಾರ. ಅಲ್ಲದೆ ಲಾಂಛನ ನಾನೇ ಮಾಡುತ್ತೇನೆಂದು ಎದೆ ತಟ್ಟಿಕೊಂಡು ಬಂದವನು ನಾನು.

ಮರುದಿನ ಹಲ್ಲಿನ ಡಾಕ್ಟರು ಕನ್ನಡಕದ ಕಡ್ಡಿ ಸರಿಮಾಡಿಸಿಕೊಳ್ಳಲು ಅಂಗಡಿಗೆ ಬಂದರು. ಯಾರದೋ ವಿಷಯ ಎಂಬಂತೆ ಮೆಲ್ಲಗೆ ಕೇಳಿದೆ. ಅವರು ಬಹಳ ಖಚಿತವಾಗಿ ಹೇಳಿದರು: ಯಾವ ಚಿತ್ರದಲ್ಲೇ ಆಗಲಿ, ಏಳು ಬದಲಾವಣೆ ಮಾಡಿದರೆ ಅದು ನಮ್ಮದಾಗುತ್ತದೆ, ಆರಾದರೆ ಕಳ್ಳತನ, ಏಳಾದರೆ ಕಲೆ, ಇದು ಕಾನೂನು. ಯಾವ ಕಾನೂನು ಎಂದು ನಾನು ಕೇಳಲಿಲ್ಲ. ನಮಗೆ ಅನುಕೂಲವಾದ ಕಾನೂನಿನ ಬುಡ ಕೆದಕುವವರು ಮೂರ್ಖರು.

ಅವಳು ತಂಗಿಯ ಮನೆಗೆ ಹೋಗಿದ್ದ ಮಧ್ಯಾಹ್ನ ನಾನು ಸೃಷ್ಟಿಕಾರ್ಯಕ್ಕೆ ಕುಳಿತೆ. ಎಡಕ್ಕೆ ನೋಡುತ್ತಿದ್ದ ಹಕ್ಕಿಯನ್ನು ಬಲಕ್ಕೆ ತಿರುಗಿಸಿದೆ, ಒಂದು. ಕೊಕ್ಕನ್ನು ಎಳೆದು ಉದ್ದ ಮಾಡಿದೆ, ಎರಡು. ತಲೆಗೆ ಜುಟ್ಟು, ಮೂರು. ಬಾಲವನ್ನು ಕತ್ತರಿಯಂತೆ ಸೀಳಿದೆ, ನಾಲ್ಕು. ಕಾಲಿಗೆ ಹಳದಿ, ಕುತ್ತಿಗೆಗೆ ಕೆಂಪು ಪಟ್ಟಿ, ಅಲ್ಲಿಗೆ ಆರು. ಏಳನೆಯದಕ್ಕೆ ಏನೂ ತೋಚಲಿಲ್ಲ. ಕೊನೆಗೆ ಕಣ್ಣಿನ ಸುತ್ತ ಬಿಳಿ ಉಂಗುರ ಬರೆದೆ. (ಕಸುಬಿನ ಅಭಿಮಾನ. ಅದು ನೋಡಲು ಸ್ವಲ್ಪ ಕನ್ನಡಕದ ಹಾಗೇ ಇತ್ತು.)

ಸಂಜೆ ಅವಳು ಬಂದು ನೋಡಿದಳು. ಏಳು ಬದಲಾವಣೆಯ ಕಾನೂನನ್ನು ವಿವರಿಸಿದೆ.

"ಪಕ್ಕದ ಮನೆಯವರ ಸೈಕಲ್ ತಂದು, ಬಣ್ಣ ಹೊಡೆದು, ಬೆಲ್ ಬದಲಾಯಿಸಿ, ಹ್ಯಾಂಡಲ್ ತಿರುಗಿಸಿದ್ರೆ ಅದು ಯಾರ ಸೈಕಲ್ಲು?" ಎಂದು ಕೇಳಿದಳು.

ಏಳು ಮಾಡಿದ್ದಾರೋ ಇಲ್ಲವೋ ಎಣಿಸಿ ನೋಡಬೇಕು ಎಂದೆ. ಅವಳು ಮಾತು ಬೆಳೆಸದೆ ಅಡಿಗೆಮನೆಗೆ ಹೋದಳು. ನಾನು ಗೆದ್ದೆ ಎಂದುಕೊಂಡೆ. ಅವಳು ಸುಮ್ಮನಾದಾಗಲೆಲ್ಲ ಹಾಗೆ ಅಂದುಕೊಂಡು ಕೆಟ್ಟವನು ನಾನು, ಆದರೂ ಬುದ್ಧಿ ಬಂದಿಲ್ಲ.

ಸಭೆಯಲ್ಲಿ ನನ್ನ ಹಕ್ಕಿಯನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದೆ. ಯಾರು ಬಿಡಿಸಿದ್ದು ಎಂದರು. ನಾನೇ ಎಂದೆ. ಅಲ್ಲಿಯವರೆಗೆ ಎಲ್ಲ ಸಲೀಸಾಗಿತ್ತು. ಆಮೇಲೆ ಬೇಕರಿಯ ಯಜಮಾನರು ಕತ್ತು ಓರೆ ಮಾಡಿ, ಇದು ಯಾವ ಹಕ್ಕಿ ಎಂದು ಕೇಳಿದರು.

ನಾನು ಆಡಿದ ಸುಳ್ಳಿಗೆ ಎಲ್ಲ ಕಡೆಯಿಂದ ಬೇಲಿ ಹಾಕಿಟ್ಟಿದ್ದೆ, ಈ ಒಂದು ಸಂದಿ ಬಿಟ್ಟುಹೋಗಿತ್ತು. ಕೇಳಿದವರು ಹಕ್ಕಿ ವೀಕ್ಷಕರು. ಬೇರೆ ಯಾವ ಸಂಘವಾಗಿದ್ದರೂ ಈ ಪ್ರಶ್ನೆ ಬರುತ್ತಿರಲಿಲ್ಲ. ಆಗ ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಗೋಡೆಯ ಹತ್ತಿರ ಹೋದರು, ಬಹಳ ಹೊತ್ತು ನೋಡಿದರು, ತಲೆದೂಗಿದರು.

"ಹನ್ನೆರಡು ವರ್ಷದ ಹಿಂದೆ, ಕೆರೆ ತೂಬಿನ ಹತ್ರ. ಆಮೇಲೆ ಒಂದೇ ಒಂದು ಸಲ ಕಂಡಿದ್ದು," ಎಂದರು.

ನ್ಯಾಯಾಧೀಶರು ಕಂಡದ್ದನ್ನು ಡಾಕ್ಟರು ಕಾಣದಿರುವುದುಂಟೇ? ಅವರು ಜೋಡಿಯನ್ನೇ ಕಂಡಿದ್ದರು. ಹೆಣ್ಣಿಗೆ ಜುಟ್ಟು ಚಿಕ್ಕದಂತೆ. ಬೇಕರಿಯ ಯಜಮಾನರಿಗೆ ಈಗ ನೆನಪಾಯಿತು, ಅದರ ಗೂಡು ಅವರ ಹಿತ್ತಿಲಲ್ಲೇ ಇತ್ತು. ಚಹ ಬರುವಷ್ಟರಲ್ಲಿ ಹದಿನಾರೂ ಜನ ಅದನ್ನು ನೋಡಿಯಾಗಿತ್ತು. ಎಲ್ಲವೂ ಪುಸ್ತಕಕ್ಕೆ ಏರಿತು. ನೀವೆಲ್ಲಿ ನೋಡಿದಿರಿ ಎಂದು ನನ್ನನ್ನು ಕೇಳಿದರು. ಜಾಗ ಹೇಳಿದರೆ ಹದಿನಾರು ಜನ ಅಲ್ಲಿಗೇ ಹೊರಡುತ್ತಾರೆಂದು ಹೆದರಿ, ನಾನು ನೋಡಿಲ್ಲ, ಮನಸ್ಸಿಗೆ ತೋಚಿದಂತೆ ಬಿಡಿಸಿದೆ ಎಂದೆ. ಅದೂ ಪುಸ್ತಕಕ್ಕೆ ಏರಿತು. ಇಡೀ ಸಭೆಯಲ್ಲಿ ಯಾರಾದರೂ ಆಡಿದ ನಿಜ ಎಂದರೆ ಅದರ ಮೊದಲರ್ಧ ಒಂದೇ.

ನನ್ನನ್ನು ಹಂಗಾಮಿ ಕಾರ್ಯದರ್ಶಿ ಎಂದು ಘೋಷಿಸಿದರು. ವಾರ್ಷಿಕ ಸಭೆಯಲ್ಲಿ ಕಾಯಂ ಆಗುತ್ತದೆ ಎಂದರು. ಟೋಪಿಗಳು ಬಂದವು. ನಾನು ಟೋಪಿ ತೊಟ್ಟೇ ಮನೆಗೆ ಬಂದೆ, ತೊಟ್ಟೇ ಊಟಕ್ಕೆ ಕುಳಿತೆ.

ನಾನೇ ಬಿಡಿಸಿದ್ದು ಎಂದು ಹೇಳಿದ ಸಂಗತಿ ಅವಳಿಗೆ ಹೇಗೋ ತಿಳಿಯಿತು. (ಬೇಕರಿಯ ಯಜಮಾನಿ ಅವಳ ವಾಕಿಂಗ್ ಗೆಳತಿ. 'ಹೇಗೋ' ಎಂಬುದರ ಅರ್ಥ ನಮ್ಮ ಬೀದಿಯಲ್ಲಿ ಯಾವಾಗಲೂ ಅದೇ.) ಅವಳು ಕೂಗಾಡಲಿಲ್ಲ. ತಟ್ಟೆಯ ಮುಂದೆ ಕುಳಿತು ನಿಧಾನವಾಗಿ ಹೇಳಿದಳು.

"ಯಾರೋ ಕಷ್ಟಪಟ್ಟು ಬಿಡಿಸಿದ್ದು ರೀ ಅದು. ಅವರ ಹೆಸರು ಹೇಳದೆ ಇದ್ದಿದ್ದು ಒಂದು ತಪ್ಪು, ನಿಮ್ಮ ಹೆಸರು ಹೇಳಿದ್ದು ಎರಡನೇದು. ನಾನು ಅವರಿಗೆ ಬರೆದಿದೀನಿ. ಮೂಲ ಚಿತ್ರ, ನಿಮ್ಮ ಚಿತ್ರ, ಎರಡೂ ಕಳಿಸಿದೀನಿ. ಒಪ್ಪಿಗೆ ಬೇಕಾಗಿರೋದು ಸಂಘಕ್ಕೆ, ಅದಕ್ಕೇ ಉತ್ತರ ಸಂಘದ ವಿಳಾಸಕ್ಕೆ ಬರುತ್ತೆ."

ಸಂಘದ ಇ-ಮೇಲ್ ಅಧ್ಯಕ್ಷರ ಕೈಯಲ್ಲಿತ್ತು. ಅವರದು ಹಳೆಯ ಶಿಸ್ತು. ಮಗಳಿಂದ ಪತ್ರಗಳನ್ನು ಅಚ್ಚು ತೆಗೆಸಿ, ತಾವು ಓದದೆ, ಒಂದೊಂದನ್ನೂ ಲಕೋಟೆಯಲ್ಲಿ ಹಾಕಿ ಅಂಟಿಸಿಡುತ್ತಿದ್ದರು. ವಾರ್ಷಿಕ ಸಭೆಯಲ್ಲಿ ಎಲ್ಲರೆದುರು ಲಕೋಟೆ ಒಡೆದು ಗಟ್ಟಿಯಾಗಿ ಓದುತ್ತಿದ್ದರು. ಇ-ಮೇಲಿಗೆ ಲಕೋಟೆ ಹಾಕುವ ಸಂಘ ಇನ್ನೆಲ್ಲಿದೆಯೋ ನನಗೆ ತಿಳಿಯದು. ಕದಿಯೋಣವೆಂದರೆ ಅದಿರುವುದು ಅವರ ಬೀರುವಿನಲ್ಲಿ. ಅಲ್ಲದೆ ಒಂದು ಕಳವು ಮುಚ್ಚಲು ಇನ್ನೊಂದು ಕಳವು, ಅದೂ ನ್ಯಾಯಾಧೀಶರ ಮನೆಯಲ್ಲಿ.

ಮೊದಲೇ ಒಪ್ಪಿಕೊಂಡುಬಿಡೋಣ ಎಂದುಕೊಂಡೆ. ಆ ವಾರ ಅಧ್ಯಕ್ಷರು ಕಣ್ಣು ಪರೀಕ್ಷೆಗೆ ಅಂಗಡಿಗೆ ಬಂದಾಗ, ಅವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿ, ಸಾರ್, ಆ ಹಕ್ಕಿಯ ವಿಷಯ, ಎಂದು ಶುರು ಮಾಡಿದೆ. ಅಷ್ಟೇ ಸಾಕಾಯಿತು. ಅದರ ಕೂಗು ಹೇಗಿತ್ತೆಂದು ಅವರು ಹೇಳತೊಡಗಿದರು. ಹೇಳಿದ್ದಲ್ಲದೆ ಕೂಗಿಯೂ ತೋರಿಸಿದರು. ಹೊರಗೆ ಕಾಯುತ್ತಿದ್ದ ಗಿರಾಕಿಗಳು ಎದ್ದು ನಿಂತರು. ಅಂಥ ಮುಖದ ಮೇಲೆ, ಅದು ನನ್ನ ಕಂಪ್ಯೂಟರಿನ ಕೈಚಳಕ ಸಾರ್ ಎಂದು ಹೇಗೆ ಹೇಳಲಿ? ಮೇಲಿನಿಂದ ಮೂರನೆಯ ಸಾಲು ಓದಿ ಎಂದೆ.

ವಾರ್ಷಿಕ ಸಭೆಗೆ ಸದಸ್ಯರು ಮನೆಯವರನ್ನೂ ಕರೆತರಬೇಕು. ಹೆಂಡತಿ ಬಂದಳು, ಎರಡನೆಯ ಸಾಲಿನಲ್ಲಿ ಕುಳಿತಳು. ಕಾರ್ಯದರ್ಶಿಯ ಕುರ್ಚಿ ವೇದಿಕೆಯ ಮೇಲೆ ಅಧ್ಯಕ್ಷರ ಎಡಕ್ಕಿತ್ತು, ಕೈ ಇಟ್ಟುಕೊಳ್ಳಲು ತೋಳುಗಳಿದ್ದ ಕುರ್ಚಿ. ನಾನು ಅದರಲ್ಲಿ ಕುಳಿತು, ಇನ್ನು ಎಷ್ಟು ನಿಮಿಷವೋ ಎಂದು ಎರಡೂ ತೋಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮೂರನೆಯ ಲಕೋಟೆ ಅದೇ, ಚಿತ್ರ ಬರೆದ ಮಹಿಳೆಯ ಪತ್ರ. ಅಧ್ಯಕ್ಷರು ಒಡೆದು ಓದಿದರು.

'ಮಾನ್ಯರೇ, ನನ್ನ ಚಿತ್ರವನ್ನು ಬಳಸುವ ಮುಂಚೆಯಲ್ಲದಿದ್ದರೂ ಬಳಸಿದ ಮೇಲಾದರೂ ಕೇಳಿದವರು ನೀವೇ ಮೊದಲು. ಸಂತೋಷದಿಂದ ಒಪ್ಪಿಗೆ ಕೊಟ್ಟಿದ್ದೇನೆ, ಹಣವೇನೂ ಬೇಡ. ಚಿತ್ರದ ಕೆಳಗೆ ನನ್ನ ಹೆಸರು ಹಾಕಿದರೆ ಸಾಕು. ನಿಮ್ಮವರು ಮಾಡಿರುವ ಏಳು ಬದಲಾವಣೆಗಳನ್ನು ನೋಡಿದೆ. ಏಳಲ್ಲ, ಎಪ್ಪತ್ತು ಮಾಡಿದರೂ ಕೇಳಲೇಬೇಕಿತ್ತು, ಇರಲಿ. ಇನ್ನೊಂದು ಮಾತು. ನಿಮ್ಮದು ಹಕ್ಕಿ ವೀಕ್ಷಕರ ಸಂಘವೆಂದು ತಿಳಿದು ಹೇಳುತ್ತಿದ್ದೇನೆ, ಇಂಥ ಹಕ್ಕಿ ಎಲ್ಲಿಯೂ ಇಲ್ಲ. ಮಕ್ಕಳ ಬಣ್ಣ ಹಚ್ಚುವ ಪುಸ್ತಕಕ್ಕೆಂದು ನಮ್ಮ ಮನೆಯ ಚಹದ ಕೆಟಲ್ ನೋಡಿಕೊಂಡು ಬಿಡಿಸಿದ್ದು.'

ಹಲ್ಲಿನ ಡಾಕ್ಟರು ಬಾಯಿ ತೆರೆದುಕೊಂಡು ಕುಳಿತಿದ್ದರು, ಅವರ ಗಿರಾಕಿಗಳ ಹಾಗೆ. ಬೇಕರಿಯ ಯಜಮಾನರನ್ನು ಅವರ ಹೆಂಡತಿ ಹಿತ್ತಿಲಿನ ಗೂಡಿನ ಬಗ್ಗೆ ಮೆಲ್ಲಗೆ ಏನೋ ಕೇಳುತ್ತಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಜೊತೆಗೆ, ಸುಳ್ಳೇಕೆ, ಒಂದಿಷ್ಟು ಸಮಾಧಾನವೂ ಆಯಿತು. ಮುಳುಗಿದರೆ ಹದಿನೇಳು ಜನರೂ ಒಟ್ಟಿಗೇ ಮುಳುಗುತ್ತೇವೆ, ನನ್ನ ಒಬ್ಬನ ಮಾನ ಹೋಗುವುದಿಲ್ಲ ಎಂದುಕೊಂಡೆ.

ನಾನು ನ್ಯಾಯಾಧೀಶರ ಮೂವತ್ತು ವರ್ಷದ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ತೀರ್ಪು ಕೊಟ್ಟರು. ಎದುರಿಗಿರುವ ವಿಷಯಗಳು ಎರಡು, ಅವನ್ನು ಬೆರೆಸಕೂಡದು. ಮೊದಲನೆಯದು ಚಿತ್ರ. ಇನ್ನೊಬ್ಬರ ಚಿತ್ರವನ್ನು ಕೇಳದೆ ತೆಗೆದುಕೊಂಡು ತನ್ನದೆಂದು ಹೇಳಿದ್ದು ರುಜುವಾತಾಗಿದೆ, ಹಂಗಾಮಿ ಕಾರ್ಯದರ್ಶಿ ಕುರ್ಚಿ ಬಿಡತಕ್ಕದ್ದು. ಎರಡನೆಯದು ಹಕ್ಕಿ. ಇದಕ್ಕೆ ಹದಿನಾರು ಜನ ಪ್ರತ್ಯಕ್ಷ ಸಾಕ್ಷಿಗಳಿದ್ದಾರೆ, ಪುಸ್ತಕದಲ್ಲಿ ದಾಖಲೆಯಿದೆ. ಇಲ್ಲ ಎನ್ನುತ್ತಿರುವವರು ಒಬ್ಬರೇ, ಅವರು ಸಂಘದ ಸದಸ್ಯರೂ ಅಲ್ಲ.

"ಆ ಹೆಣ್ಣುಮಗಳು ಕೆಟಲ್ ನೋಡಿಯೇ ಬಿಡಿಸಿರಬಹುದು. ಹಕ್ಕಿ ಕೆಟಲ್ ಥರ ಇದ್ರೆ ಅದಕ್ಕೆ ನಾವೇನು ಮಾಡೋದು?" ಎಂದು ಮುಗಿಸಿದರು.

ಹದಿನಾರು ಜನ ಒಂದೇ ಉಸಿರಿನಲ್ಲಿ ಚಪ್ಪಾಳೆ ತಟ್ಟಿದರು. ಅಷ್ಟು ಒಗ್ಗಟ್ಟನ್ನು ನಾನು ಆ ಸಂಘದಲ್ಲಿ ಎಂದೂ ಕಂಡಿರಲಿಲ್ಲ. ಡಾಕ್ಟರು ಎದ್ದು ಇನ್ನೊಂದು ಸೂಕ್ಷ್ಮವನ್ನೂ ಎತ್ತಿದರು. ಸಂಘದ ಲಾಂಛನದ ಹಕ್ಕಿಯನ್ನೇ ತಾನು ನೋಡಿಲ್ಲವೆಂದು ಒಪ್ಪಿಕೊಂಡವನು ಇಡೀ ಸಂಘದಲ್ಲಿ ಒಬ್ಬನೇ, ಅವನಿಗೆ ಮತ ಹಾಕುವ ಹಕ್ಕು ಇರಬೇಕೇ ಎಂದು. ನೋಡುವವರೆಗೆ ಇಲ್ಲ ಎಂದು ತೀರ್ಮಾನವಾಯಿತು. ಏಳು ಬದಲಾವಣೆಯ ಕಾನೂನು ಹೇಳಿಕೊಟ್ಟ ಪುಣ್ಯಾತ್ಮ ಇವರೇ.

ಇನ್ನು ಖಾಲಿ ಕುರ್ಚಿ. ಪತ್ರ ವ್ಯವಹಾರವನ್ನು ನೇರವಾಗಿ, ನಿಯಮದಂತೆ ಮಾಡಿ ಸಂಘದ ಮರ್ಯಾದೆ ಉಳಿಸಿದವರು ಎಂದು ಅಧ್ಯಕ್ಷರು ಎರಡನೆಯ ಸಾಲಿಗೆ ಕೈ ತೋರಿಸಿದರು. ನನ್ನ ಹೆಂಡತಿ ಬೇಡವೆನ್ನುತ್ತಾಳೆ ಎಂದು ನಾನು ನಂಬಿದ್ದೆ. ಅವಳು ಎದ್ದು ನಿಂತು ಎರಡು ಷರತ್ತು ಹಾಕಿದಳು. ಎಲ್ಲ ಟೋಪಿಯ ಮೇಲೂ ಚಿತ್ರ ಬರೆದವರ ಹೆಸರು ಬರಬೇಕು. ಇನ್ನು ಮುಂದೆ ಯಾರು ಯಾವ ಹಕ್ಕಿ ನೋಡಿದರೂ ಪಕ್ಕದಲ್ಲಿ ಸಾಕ್ಷಿ ಇರಬೇಕು. 'ಇನ್ನು ಮುಂದೆ' ಎಂದ ಮೇಲೆ ಹಳೆಯ ಹಕ್ಕಿಗಳಿಗೆ ಅಪಾಯವಿಲ್ಲ, ಎಲ್ಲರೂ ಒಪ್ಪಿದರು. ನಾನು ಕೆಳಗಿಳಿದೆ, ಅವಳು ಮೇಲೆ ಹತ್ತಿದಳು. ದಾರಿಯಲ್ಲಿ ಎದುರಾದಾಗ, ನೀವು ಎದ್ದಾಗ ವಾಲಿದ ಕುರ್ಚಿಯನ್ನು ಸರಿ ಮಾಡಿ ಹೋಗಿ ಎಂದಳು.

ಹೀಗೆ ಮನೆಯಲ್ಲೂ ಅವಳ ಅಧಿಕಾರ, ಹೊರಗೂ ಅವಳದೇ. ಒಂದು ಮತವಾದರೂ ಇರಲಿ ಎಂಬ ಹಟ ನನಗೆ ಬಂತು. ಹಕ್ಕಿಯನ್ನು ನೋಡಲೇಬೇಕು, ನೋಡುವುದೆಂದರೆ ನಮ್ಮ ಸಂಘದಲ್ಲಿ ಏನೆಂದು ಈಗ ನನಗೂ ಗೊತ್ತಿತ್ತು. ಕಳೆದ ಭಾನುವಾರ ಬೇಕೆಂದೇ ಅಧ್ಯಕ್ಷರ ಪಕ್ಕದಲ್ಲಿ ನಿಂತು ಕೆರೆಯ ಕಡೆ ಒಂದು ಗಂಟೆ ದುರ್ಬೀನು ಹಿಡಿದೆ. ಏಳು ಹತ್ತಕ್ಕೆ, ಅಗೋ ಸಾರ್, ಒಣಗಿದ ಕೊಂಬೆಯ ಮೇಲೆ, ಎಂದೆ. ಅವರು ಕೂಡಲೇ, ಹೌದು, ಅದೇ, ಎಂದರು. ನನ್ನ ಆನಂದಕ್ಕೆ ಪಾರವಿರಲಿಲ್ಲ. ಅರ್ಜಿ ಬರೆದು, ಸಾಕ್ಷಿ ಎಂಬಲ್ಲಿ ಅವರ ಹೆಸರು ಹಾಕಿ, ಊಟದ ಮೇಜಿನ ಮೇಲೆ ಘನ ಕಾರ್ಯದರ್ಶಿಗಳ ಮುಂದೆ ಇಟ್ಟೆ.

ಅವಳು ಓದಿದಳು. ಇಲ್ಲದ ಹಕ್ಕಿಯೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ, ಸಾಕ್ಷಿಯನ್ನು ವಿಚಾರಿಸಬೇಕಾಗುತ್ತದೆ ಎಂದು ನನ್ನೆದುರೇ ಅಧ್ಯಕ್ಷರಿಗೆ ಫೋನು ಮಾಡಿ, ನನಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು.

"ಹಕ್ಕಿ ಬಂದಿದ್ದು ನಿಜ ಕಣಮ್ಮ. ನಾನೇ ನೋಡಿದೆ," ಎಂದರು ಅಧ್ಯಕ್ಷರು. "ಆದ್ರೆ ಆಗ ನಿಮ್ಮ ಯಜಮಾನ್ರು ಬೇರೆ ಕಡೆ ನೋಡ್ತಾ ಇದ್ರು."